ಗೋಡೆ ಸಾಲದು, ಮೂರ್ತಿ ಬೇಕು

1981ರ ಅಕ್ಟೋಬರ್ 13ರಂದು ವಾಷಿಂಗ್ಟನ್ನಿನಲ್ಲಿ ಅಮೆರಿಕದ ಲಲಿತಕಲಾ ಆಯೋಗದ ಸಭೆ ಸೇರಿತ್ತು. ಆ ರಾಜಧಾನಿಯ ಸರ್ಕಾರಿ ನೆಲದಲ್ಲಿ ಯಾರಿಗೇ ಸ್ಮಾರಕ ಕಟ್ಟಬೇಕಾದರೂ ಅದರ ನಕ್ಷೆ ಈ ಆಯೋಗದ ಕಣ್ಣು ದಾಟಿ ಹೋಗಬೇಕು. ಅಂದಿನ ವಿಷಯ ವಿಯೆಟ್ನಾಂ ಯುದ್ಧದಲ್ಲಿ ಸತ್ತ ಅಮೆರಿಕನ್ನರ ಸ್ಮಾರಕ. ಸ್ಪರ್ಧೆ ಮುಗಿದು, ವಿನ್ಯಾಸ ಆಯ್ಕೆಯಾಗಿ, ಆಯೋಗದ ಮೊದಲ ಸುತ್ತಿನ ಒಪ್ಪಿಗೆಯೂ ಸಿಕ್ಕಿತ್ತು. ಆಗ ಟಾಮ್ ಕಾರ್ಹಾರ್ಟ್ ಎಂಬ ಮಾಜಿ ಸೈನಿಕರು ಮಾತಾಡಲು ಎದ್ದರು. ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಓದಿದವರು, ವಿಯೆಟ್ನಾಂನಲ್ಲಿ ಹೋರಾಡಿ ಗಾಯಗೊಂಡವರು. ಆಯ್ಕೆಯಾಗಿದ್ದ ವಿನ್ಯಾಸವನ್ನು ಅವರು ‘ನಾಚಿಕೆಯ ಕಪ್ಪು ಕೊಚ್ಚುಗಾಯ’ ಎಂದು ಕರೆದರು. ಮರುದಿನದಿಂದ ಅಮೆರಿಕದ ಪತ್ರಿಕೆಗಳಲ್ಲಿ ಆ ಮಾತೇ ಮಾತು.

ಕಾರ್ಹಾರ್ಟ್ ಮತ್ತು ಅವರ ಕಡೆಯವರ ತಕರಾರು ಸರಳವಾಗಿತ್ತು. ನಗರದ ಉಳಿದ ಸ್ಮಾರಕಗಳೆಲ್ಲ ಬಿಳಿ, ಇದೊಂದು ಕಪ್ಪು. ಅವೆಲ್ಲ ಮೇಲಕ್ಕೆ ಏಳುತ್ತವೆ, ಇದು ನೆಲದೊಳಕ್ಕೆ ಇಳಿಯುತ್ತದೆ. ಅಲ್ಲಿ ಮನುಷ್ಯರಿದ್ದಾರೆ, ಕುದುರೆಗಳಿವೆ, ಬಾವುಟವಿದೆ. ಇಲ್ಲಿ ಒಂದು ಮುಖವೂ ಇಲ್ಲ. ಯುದ್ಧಕ್ಕೆ ಹೋಗಿ ಬಂದವನು ತನ್ನ ಸ್ಮಾರಕದಲ್ಲಿ ತನ್ನನ್ನು ಎಲ್ಲಿ ಹುಡುಕಬೇಕು? ಕಾರ್ಹಾರ್ಟ್ ಅದೇ ಸ್ಪರ್ಧೆಗೆ ತಮ್ಮದೊಂದು ವಿನ್ಯಾಸವನ್ನು ಕಳಿಸಿ ಸೋತಿದ್ದರು ಎಂಬುದನ್ನು ಹಲವರು ಎತ್ತಿ ಆಡಿದ್ದಾರೆ. ನನಗೆ ಅದು ಮುಖ್ಯವೆನಿಸುವುದಿಲ್ಲ. ಅವರ ಸಿಟ್ಟಿನ ಹಿಂದೆ ನಿಜವಾದ ನೋವಿತ್ತು, ಅದನ್ನು ಹಂಚಿಕೊಂಡವರು ಸಾವಿರಾರು ಜನರಿದ್ದರು.

ಈ ಸ್ಮಾರಕ ಬೇಕೆಂದು ಹೊರಟದ್ದು ಸರ್ಕಾರ ಅಲ್ಲವೆಂಬುದನ್ನು ಮೊದಲು ಹೇಳಬೇಕು. 1975ರ ಏಪ್ರಿಲ್ 30ರಂದು ಸೈಗಾನ್ ಬಿದ್ದ ಮೇಲೆ ಅಮೆರಿಕ ಆ ಯುದ್ಧದ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಗೆದ್ದು ಬಂದವರಿಗೆ ಮೆರವಣಿಗೆ ಮಾಡಬಹುದು, ಸೋತು ಬಂದವರಿಗೆ ಏನು ಮಾಡುವುದು? ಜ್ಯಾನ್ ಸ್ಕ್ರಗ್ಸ್ ಎಂಬ ಕಾಲಾಳು ಹತ್ತೊಂಬತ್ತನೆಯ ವಯಸ್ಸಿನಲ್ಲಿ ವಿಯೆಟ್ನಾಂನಲ್ಲಿ ಗಾಯಗೊಂಡು, ಜೊತೆಯವರ ಸಾವನ್ನು ಕಣ್ಣಾರೆ ಕಂಡು ಮರಳಿದ್ದರು. 1979ರ ಮಾರ್ಚ್‌ನಲ್ಲಿ ಅವರು ‘ದಿ ಡೀರ್ ಹಂಟರ್’ ಸಿನಿಮಾ ನೋಡಿ ಬಂದರು. ಆ ರಾತ್ರಿ ನಿದ್ದೆ ಬರಲಿಲ್ಲವಂತೆ. ಬೆಳಗಾಗುವಷ್ಟರಲ್ಲಿ, ಸತ್ತ ಪ್ರತಿಯೊಬ್ಬರ ಹೆಸರೂ ಇರುವಂಥ ಒಂದು ಸ್ಮಾರಕ ಕಟ್ಟಿಸಬೇಕೆಂದು ನಿರ್ಧಾರ ಮಾಡಿಯಾಗಿತ್ತು. ಸ್ಮಾರಕದ ರೂಪ ಯಾರ ತಲೆಯಲ್ಲೂ ಇರದಿದ್ದಾಗಲೇ ಹೆಸರುಗಳ ಯೋಚನೆ ಇತ್ತೆಂಬುದು ನೆನಪಿಡಬೇಕಾದ ಸಂಗತಿ.

ಸ್ಕ್ರಗ್ಸ್ ತಮ್ಮ ಸ್ವಂತದ 2,800 ಡಾಲರ್ ಹಾಕಿ ಕೆಲಸ ಶುರುಮಾಡಿದರು. ವಕೀಲ ರಾಬರ್ಟ್ ಡೌಬೆಕ್, ವೆಸ್ಟ್ ಪಾಯಿಂಟಿನ ಜಾನ್ ವೀಲರ್ ಸೇರಿಕೊಂಡರು. 1979ರ ಏಪ್ರಿಲ್‌ನಲ್ಲಿ ನಿಧಿ ನೋಂದಣಿಯಾಯಿತು. ಜುಲೈ ನಾಲ್ಕರ ಹೊತ್ತಿಗೆ ಸಾರ್ವಜನಿಕರಿಂದ ಬಂದ ಹಣ 144 ಡಾಲರ್ 50 ಸೆಂಟ್. ಟೆಲಿವಿಷನ್ನಿನವರು ಅದನ್ನು ಸುದ್ದಿ ಮಾಡಿದರು, ರಾತ್ರಿ ಕಾರ್ಯಕ್ರಮದ ಹಾಸ್ಯಗಾರರು ನಗೆಚಾಟಿಕೆ ಮಾಡಿದರು. ಆದರೂ ಕೊನೆಗೆ ಸೇರಿದ್ದು 84 ಲಕ್ಷ ಡಾಲರ್. ಎಲ್ಲವೂ ಜನರ ದೇಣಿಗೆ. ಕೊಟ್ಟವರ ಸಂಖ್ಯೆ ಎರಡೂಮುಕ್ಕಾಲು ಲಕ್ಷಕ್ಕೂ ಮೇಲೆ. ಮೇರಿಲ್ಯಾಂಡಿನ ಸೆನೆಟರ್ ಚಾರ್ಲ್ಸ್ ಮಥಾಯಸ್ ಸಂಸತ್ತಿನಲ್ಲಿ ಓಡಾಡಿ, ಲಿಂಕನ್ ಸ್ಮಾರಕದ ಪಕ್ಕದಲ್ಲೇ ಜಾಗ ಕೊಡಿಸಿದರು. 1980ರ ಜುಲೈ 1ರಂದು ಅಧ್ಯಕ್ಷ ಕಾರ್ಟರ್ ಸಹಿ ಹಾಕಿದರು.

ಸ್ಪರ್ಧೆಯ ನಿಯಮಗಳನ್ನು ಬರೆದವರು ಜಾಣರು. ಸ್ಮಾರಕ ಧ್ಯಾನಕ್ಕೆ ಎಡೆಮಾಡಬೇಕು, ಸುತ್ತಲಿನ ಜಾಗಕ್ಕೆ ಹೊಂದಬೇಕು, ಸತ್ತ ಮತ್ತು ಕಾಣೆಯಾದ ಎಲ್ಲರ ಹೆಸರೂ ಅದರಲ್ಲಿರಬೇಕು, ಯುದ್ಧದ ಬಗ್ಗೆ ಯಾವ ರಾಜಕೀಯ ಮಾತನ್ನೂ ಆಡಬಾರದು. ಈ ಕೊನೆಯ ಷರತ್ತೇ ಅರ್ಧ ತೀರ್ಪು ಬರೆದಿಟ್ಟಂತಿತ್ತು. ಮನುಷ್ಯಾಕೃತಿ ಕೆತ್ತಿದೊಡನೆ ಅದು ಏನನ್ನಾದರೂ ಹೇಳಿಯೇ ಹೇಳುತ್ತದೆ. ಬಂದೂಕು ಎತ್ತಿ ಹಿಡಿದರೆ ಶೌರ್ಯ, ಇಳಿಸಿ ಹಿಡಿದರೆ ದಣಿವು, ಕೆಳಗೆ ಹಾಕಿದರೆ ಸೋಲು. ಸುಮ್ಮನಿರಬಲ್ಲ ಸ್ಮಾರಕ ಬೇಕೆಂದವರು ಅರಿವಿದ್ದೋ ಇಲ್ಲದೆಯೋ ಅಮೂರ್ತದ ಬಾಗಿಲು ತೆರೆದಿಟ್ಟಿದ್ದರು.

1981ರ ಮಾರ್ಚ್ 31ರ ಗಡುವಿನೊಳಗೆ ಬಂದ ನಕ್ಷೆಗಳು 1,421. ಅಷ್ಟನ್ನೂ ಇಡಲು ಯಾವ ಸಭಾಂಗಣವೂ ಸಾಲದೆ ಆಂಡ್ರ್ಯೂಸ್ ವಾಯುನೆಲೆಯ ವಿಮಾನಗಳ ಶೆಡ್ಡಿನಲ್ಲಿ ಸಾಲಾಗಿ ನಿಲ್ಲಿಸಬೇಕಾಯಿತು. ಹೆಸರಿಲ್ಲ, ಊರಿಲ್ಲ, ಬರೀ ನಂಬರು. ತೀರ್ಪುಗಾರರು ಎಂಟು ಮಂದಿ. ಪಿಯೆತ್ರೊ ಬೆಲುಸ್ಕಿ, ಹ್ಯಾರಿ ವೀಸ್ ಎಂಬ ವಾಸ್ತುಶಿಲ್ಪಿಗಳು, ಹಿಡಿಯೊ ಸಸಾಕಿಯಂಥ ಉದ್ಯಾನ ವಿನ್ಯಾಸಕರು, ಮೂವರು ಶಿಲ್ಪಿಗಳು, ಒಬ್ಬ ಬರಹಗಾರ. ಅವರು ಶೋಧಿಸುತ್ತ ಶೋಧಿಸುತ್ತ 232ಕ್ಕೆ ಇಳಿಸಿದರು, ಆಮೇಲೆ 39ಕ್ಕೆ. ಮೇ 1ರಂದು ಒಮ್ಮತದಿಂದ ಆರಿಸಿದ್ದು 1026ನೆಯ ನಂಬರನ್ನು. ಮಸುಕಾದ ಪ್ಯಾಸ್ಟೆಲ್ ಬಣ್ಣದ ಚಿತ್ರ; ಹಸಿರಿನ ನಡುವೆ ಒಂದು ಕಪ್ಪು ಗೆರೆ. ಜೊತೆಗೆ ಕೈಬರಹದಲ್ಲಿ ಒಂದು ಪುಟದ ವಿವರಣೆ.

ನಂಬರಿನ ಹಿಂದಿದ್ದವಳು ಮಾಯಾ ಲಿನ್, ಯೇಲ್ ವಿಶ್ವವಿದ್ಯಾಲಯದ ಪದವಿ ವಿದ್ಯಾರ್ಥಿನಿ, ವಯಸ್ಸು 21. ಒಹಾಯೊ ರಾಜ್ಯದ ಅಥೆನ್ಸ್ ಎಂಬ ಊರಿನಲ್ಲಿ ಹುಟ್ಟಿ ಬೆಳೆದವಳು. ಚೀನಾದಿಂದ ವಲಸೆ ಬಂದ ತಂದೆ ಹೆನ್ರಿ ಲಿನ್ ಕುಂಬಾರಿಕೆಯ ಕಲಾವಿದರು, ಕಲಾ ವಿಭಾಗದ ಡೀನ್. ತಾಯಿ ಜೂಲಿಯಾ ಕವಯಿತ್ರಿ, ಸಾಹಿತ್ಯದ ಪ್ರಾಧ್ಯಾಪಕಿ. ಯೇಲ್‌ನಲ್ಲಿ ಸಾವಿಗೆ ಸಂಬಂಧಿಸಿದ ವಾಸ್ತುಶಿಲ್ಪದ ಒಂದು ಪಾಠ ನಡೆಯುತ್ತಿತ್ತು. ಈ ಸ್ಪರ್ಧೆಯನ್ನೇ ತರಗತಿಯ ಅಭ್ಯಾಸವಾಗಿ ಕೊಟ್ಟಿದ್ದರು. ಇಡೀ ದೇಶದಲ್ಲಿ ಮೊದಲ ಬಹುಮಾನ ಪಡೆದ ಆ ವಿನ್ಯಾಸಕ್ಕೆ ತರಗತಿಯಲ್ಲಿ ಸಿಕ್ಕ ದರ್ಜೆ ‘ಬಿ’.

ಆ ಹುಡುಗಿಗೆ ಈ ಯೋಚನೆ ಎಲ್ಲಿಂದ ಬಂತು? ಅವಳೇ ಹೇಳಿರುವ ಎರಡು ಮೂಲಗಳಿವೆ. ಯೇಲ್‌ನ ಒಂದು ಕಟ್ಟಡದ ಗೋಡೆಯ ಮೇಲೆ ಯುದ್ಧಗಳಲ್ಲಿ ಸತ್ತ ಹಳೆಯ ವಿದ್ಯಾರ್ಥಿಗಳ ಹೆಸರು ಕೆತ್ತಿದ್ದಾರೆ. ಹೋಗಿ ಬರುವಾಗಲೆಲ್ಲ ಆ ಅಕ್ಷರಗಳ ಮೇಲೆ ಬೆರಳಾಡಿಸದೆ ಅವಳಿಗೆ ಮುಂದೆ ಹೋಗಲಾಗುತ್ತಿರಲಿಲ್ಲ. ಇನ್ನೊಂದು, ಫ್ರಾನ್ಸಿನ ಥಿಯೆಪ್ವಾಲ್‌ನಲ್ಲಿ ಎಡ್ವಿನ್ ಲಟ್ಯೆನ್ಸ್ ಕಟ್ಟಿದ ಸ್ಮಾರಕ. ಮೊದಲ ಮಹಾಯುದ್ಧದ ಸೋಮ್ ಕದನದಲ್ಲಿ ದೇಹವೂ ಸಿಗದೆ ಹೋದ 72 ಸಾವಿರಕ್ಕೂ ಹೆಚ್ಚು ಮಂದಿಯ ಹೆಸರುಗಳನ್ನು ಅದರ ಕಮಾನುಗಳ ಒಳಮೈಯಲ್ಲಿ ಕೆತ್ತಲಾಗಿದೆ. ಈ ಲಟ್ಯೆನ್ಸ್ ನಮಗೂ ಗೊತ್ತಿರುವವರೇ. ದೆಹಲಿಯ ಇಂಡಿಯಾ ಗೇಟ್ ಅವರದು. ಅದರ ಮೇಲೂ 13 ಸಾವಿರಕ್ಕಿಂತ ಹೆಚ್ಚು ಹೆಸರುಗಳಿವೆ, ಒಬ್ಬ ಸೈನಿಕನ ಪ್ರತಿಮೆಯೂ ಇಲ್ಲ. 1931ರಲ್ಲಿ ಅದು ಉದ್ಘಾಟನೆಯಾದಾಗ ಅದನ್ನು ಅಮೂರ್ತ ಕಲೆ ಎಂದು ಯಾರೂ ಜರೆಯಲಿಲ್ಲ. ಕಮಾನು ಎಂದರೆ ಕಮಾನು. ದೊಡ್ಡದಾಗಿದ್ದು ಎತ್ತರಕ್ಕೆ ನಿಂತರೆ ಜನ ಆಕೃತಿಯ ಅರ್ಥ ಕೇಳುವುದಿಲ್ಲ ಎಂದು ತೋರುತ್ತದೆ.

ಲಿನ್ ಮಾಡಿದ್ದು ಇಷ್ಟೇ. ಹುಲ್ಲುನೆಲವನ್ನು ಚಾಕುವಿನಿಂದ ಸೀಳಿದಂತೆ ಸೀಳಿ, ಸೀಳಿದ ಮುಖಕ್ಕೆ ನುಣುಪಾದ ಕಪ್ಪು ಕಲ್ಲು ಹೊದಿಸುವುದು. ಎರಡು ಗೋಡೆಗಳು, ಒಂದೊಂದೂ 246 ಅಡಿ 9 ಅಂಗುಲ ಉದ್ದ. ತುದಿಗಳಲ್ಲಿ ಅಂಗುಲಗಳಷ್ಟೇ ಎತ್ತರವಿದ್ದು ನಡುವೆ ಕೂಡುವಲ್ಲಿ ಹತ್ತು ಅಡಿಗೆ ಏರುತ್ತವೆ. ಏರುತ್ತವೆ ಎಂದೆ, ಆದರೆ ಮೇಲಂಚು ನೆಲದ ಮಟ್ಟದಲ್ಲೇ ಇರುತ್ತದೆ. ಇಳಿಯುವುದು ನಡೆಯುವವರ ದಾರಿ. ಗಾಯವಾದ ನೆಲ ಕಾಲ ಕಳೆದಂತೆ ಹುಲ್ಲು ಹೊದೆದು ಮಾಯುತ್ತದೆ, ಕಲೆ ಮಾತ್ರ ಉಳಿಯುತ್ತದೆ ಎಂಬುದು ಅವಳ ಕಲ್ಪನೆ. ಹಾಗಾಗಿ ಕಾರ್ಹಾರ್ಟ್ ತಪ್ಪು ನೋಡಿದ್ದರು ಎನ್ನುವಂತಿಲ್ಲ. ವಿನ್ಯಾಸ ಮಾಡಿದವಳು ಮತ್ತು ಅದನ್ನು ವಿರೋಧಿಸಿದವರು ಇಬ್ಬರೂ ಕಂಡದ್ದು ಗಾಯವನ್ನೇ. ದೇಶ ಅದನ್ನು ಎಲ್ಲರೆದುರು ತೋರಿಸಿಕೊಳ್ಳಬಹುದೇ ಎಂಬುದರಲ್ಲಿ ಮಾತ್ರ ಭಿನ್ನಮತ.

ಎರಡು ಗೋಡೆಗಳು 125 ಡಿಗ್ರಿ ಕೋನದಲ್ಲಿ ತೆರೆದುಕೊಳ್ಳುತ್ತವೆ. ಒಂದರ ತುದಿ ಲಿಂಕನ್ ಸ್ಮಾರಕದ ಕಡೆಗೆ, ಇನ್ನೊಂದರದು ವಾಷಿಂಗ್ಟನ್ ಸ್ತಂಭದ ಕಡೆಗೆ. ಇಲ್ಲೊಂದು ತಮಾಷೆಯಿದೆ. ಲಿಂಕನ್ ಸ್ಮಾರಕದಲ್ಲಿ 19 ಅಡಿಯ ಅಮೃತಶಿಲೆಯ ಲಿಂಕನ್ ಕುಳಿತಿದ್ದಾನೆ. ಮುಖದ ಸುಕ್ಕು, ಕೈಬೆರಳು, ಕೋಟಿನ ಮಡಿಕೆ ಎಲ್ಲ ಕಾಣುತ್ತದೆ. ಇತ್ತ 555 ಅಡಿಯ ಸ್ತಂಭದಲ್ಲಿ ವಾಷಿಂಗ್ಟನ್‌ನ ಸುಳಿವೇ ಇಲ್ಲ. ವಾಸ್ತುಶಿಲ್ಪಿ ರಾಬರ್ಟ್ ಮಿಲ್ಸ್ ಮೊದಲು ಬರೆದ ನಕ್ಷೆಯಲ್ಲಿ ಸ್ತಂಭದ ಬುಡಕ್ಕೆ ಕಂಬಗಳ ಮಂಟಪವಿತ್ತು, ರಥವೇರಿದ ವಾಷಿಂಗ್ಟನ್ ಇದ್ದ. 1848ರಲ್ಲಿ ಕೆಲಸ ಶುರುವಾಗಿ, ದುಡ್ಡು ಮುಗಿದು, ದಶಕಗಟ್ಟಲೆ ಮೊಂಡಾಗಿ ನಿಂತು, 1884ರಲ್ಲಿ ಬರೀ ಸ್ತಂಭವಾಗಿ ಮುಗಿಯಿತು. ಕಪ್ಪು ಗೋಡೆಯನ್ನು ಅಮೆರಿಕದ ಸಂಪ್ರದಾಯಕ್ಕೆ ಹೊರಗಿನದು ಎಂದವರ ಬೆನ್ನ ಹಿಂದೆಯೇ ದೇಶದ ಅತಿ ದೊಡ್ಡ ಅಮೂರ್ತ ಸ್ಮಾರಕ ನೂರು ವರ್ಷದಿಂದ ನಿಂತಿತ್ತು.

ಹೆಸರುಗಳನ್ನು ಯಾವ ಕ್ರಮದಲ್ಲಿ ಬರೆಯಬೇಕೆಂಬುದು ಇನ್ನೊಂದು ಜಗಳ. ಲಿನ್‌ಗೆ ಬೇಕಿದ್ದುದು ಸಾವಿನ ದಿನಾಂಕದ ಕ್ರಮ. ನಡುಮೂಲೆಯಲ್ಲಿ 1959ರಿಂದ ತೊಡಗಿ ಬಲಗೋಡೆಯ ತುದಿಯವರೆಗೆ ಹೋಗಿ, ಅಲ್ಲಿಂದ ಎಡಗೋಡೆಯ ತುದಿಗೆ ಹಾರಿ, ಮತ್ತೆ ನಡುಮೂಲೆಗೇ 1975ಕ್ಕೆ ಬಂದು ಸೇರುವುದು. ಮೊದಲು ಸತ್ತವರೂ ಕೊನೆಗೆ ಸತ್ತವರೂ ಒಂದೇ ಮೂಲೆಯಲ್ಲಿ ಅಕ್ಕಪಕ್ಕ ಬರುತ್ತಾರೆ. ಮಾಜಿ ಸೈನಿಕರಲ್ಲಿ ಕೆಲವರಿಗೆ ಇದು ಹುಚ್ಚಾಟವೆನಿಸಿತು. ಅಕ್ಷರಾನುಕ್ರಮ ಇಟ್ಟರೆ ತಾಯಿಗೆ ಮಗನ ಹೆಸರು ಹುಡುಕಲು ಸುಲಭವಲ್ಲವೇ? ಸೇನೆಯ ಪಟ್ಟಿ ತರಿಸಿ ನೋಡಿದಾಗ ಸ್ಮಿತ್ ಎಂಬ ಕುಲನಾಮದವರೇ ಆರುನೂರಕ್ಕೂ ಹೆಚ್ಚು. ಜೇಮ್ಸ್ ಜೋನ್ಸ್ ಎಂಬ ಹೆಸರಿನವರು ಹದಿನಾರು ಮಂದಿ. ಅಕ್ಷರಾನುಕ್ರಮದಲ್ಲಿ ಅವರೆಲ್ಲ ಟೆಲಿಫೋನ್ ಡೈರೆಕ್ಟರಿಯ ಸಾಲುಗಳಾಗುತ್ತಿದ್ದರು. ದಿನಾಂಕದ ಕ್ರಮದಲ್ಲಿ ಒಂದೇ ಕಾಳಗದಲ್ಲಿ ಬಿದ್ದವರು ಒಟ್ಟಿಗೆ ಇರುತ್ತಾರೆ. ಬದುಕಿ ಬಂದವನು ಆ ಸಾಲಿನ ಮುಂದೆ ನಿಂತರೆ ತನ್ನ ಇಡೀ ದಳ ಸಿಗುತ್ತದೆ. ಸ್ಮಿತ್‌ಗಳ ಪಟ್ಟಿ ಬಂದಮೇಲೆ ಆ ಜಗಳ ನಿಂತಿತು.

ಉಳಿದ ಜಗಳ ನಿಲ್ಲಲಿಲ್ಲ. ಸ್ಪರ್ಧೆ ನಡೆಸಲು 1,60,000 ಡಾಲರ್ ಕೊಟ್ಟಿದ್ದ ಟೆಕ್ಸಸ್‌ನ ಧನಿಕ ರಾಸ್ ಪೆರೋ ತಿರುಗಿ ಬಿದ್ದರು. ಕಾದಂಬರಿಕಾರ, ಮರೈನ್ ದಳದ ಮಾಜಿ ಯೋಧ ಜೇಮ್ಸ್ ವೆಬ್ ಹೊರನಡೆದರು. ಬಲಪಂಥೀಯ ಪತ್ರಿಕೆಗಳು ಬೈದವು. ಗೋಡೆಯ ಆಕಾರದಲ್ಲಿ ಕೆಲವರಿಗೆ ಯುದ್ಧವಿರೋಧಿಗಳು ಎತ್ತಿ ತೋರಿಸುತ್ತಿದ್ದ ಎರಡು ಬೆರಳು ಕಂಡಿತು. ಲಿನ್‌ಳ ಚೀನೀ ಮುಖವನ್ನು ಎತ್ತಿ ಆಡಿದವರೂ ಇದ್ದರು. ಏಷ್ಯಾದವರ ಜೊತೆ ಹೋರಾಡಿ ಸತ್ತವರಿಗೆ ಏಷ್ಯಾದವಳ ಸ್ಮಾರಕವೇ ಎಂದು. ಅವಳು ಹುಟ್ಟಿದ್ದು ಒಹಾಯೊದಲ್ಲಿ ಎಂಬುದು ಯಾರಿಗೂ ಬೇಕಿರಲಿಲ್ಲ. 1982ರ ಜನವರಿಯಲ್ಲಿ ಸಂಸದ ಹೆನ್ರಿ ಹೈಡ್ ಮತ್ತು ಅವರ ರಿಪಬ್ಲಿಕನ್ ಗೆಳೆಯರು ಅಧ್ಯಕ್ಷ ರೇಗನ್‌ಗೆ ಪತ್ರ ಬರೆದರು. ಅಡಿಪಾಯ ತೋಡಲು ಪರವಾನಗಿ ಕೊಡಬೇಕಿದ್ದ ಆಂತರಿಕ ವ್ಯವಹಾರಗಳ ಕಾರ್ಯದರ್ಶಿ ಜೇಮ್ಸ್ ವಾಟ್ ಕಡತವನ್ನು ಹಿಡಿದುಕೊಂಡು ಕುಳಿತರು.

ಅದೇ ಜನವರಿ 27ರಂದು ಸೆನೆಟರ್ ಜಾನ್ ವಾರ್ನರ್ ಎರಡೂ ಕಡೆಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿದರು. ಗಂಟೆಗಟ್ಟಲೆ ಕೂಗಾಟ. ಕಪ್ಪು ಬಣ್ಣ ಅವಮಾನ, ಬಿಳಿಯಾಗಲಿ ಎಂದು ಮತ್ತೆ ಮತ್ತೆ ಹೇಳುತ್ತಿದ್ದಾಗ ಬ್ರಿಗೇಡಿಯರ್ ಜನರಲ್ ಜಾರ್ಜ್ ಪ್ರೈಸ್ ಎದ್ದರು. ಅವರು ಕಪ್ಪುಜನರ ಸಮುದಾಯದವರು, ಕೊರಿಯಾದಲ್ಲೂ ವಿಯೆಟ್ನಾಂನಲ್ಲೂ ಕಾದಿದವರು. ಕಪ್ಪು ನಾಚಿಕೆಯ ಬಣ್ಣವಲ್ಲ, ನಿಮ್ಮ ಬಾಯಲ್ಲಿ ಅದನ್ನು ಕೇಳಿ ಕೇಳಿ ಸಾಕಾಗಿದೆ, ಯುದ್ಧಭೂಮಿಯಲ್ಲಿ ಬಣ್ಣ ಲೆಕ್ಕಕ್ಕೆ ಬರಲಿಲ್ಲ ಎಂದರು. ಆಮೇಲೆ ಕಲ್ಲಿನ ಬಣ್ಣದ ಮಾತು ಆ ಕೋಣೆಯಲ್ಲಿ ಬರಲಿಲ್ಲ. ಜನರಲ್ ಮೈಕೆಲ್ ಡೇವಿಸನ್ ರಾಜಿಸೂತ್ರವೊಂದನ್ನು ಮುಂದಿಟ್ಟರು: ಗೋಡೆ ಇರಲಿ, ಜೊತೆಗೆ ಒಂದು ಸೈನಿಕರ ಮೂರ್ತಿ ಮತ್ತು ಬಾವುಟ ಇರಲಿ. ಲಿನ್ ಆ ಕೋಣೆಯಲ್ಲಿರಲಿಲ್ಲ. ಮಾರ್ಚ್ 26ರಂದು ನೆಲ ಅಗೆಯುವ ಕೆಲಸಕ್ಕೆ ಪೂಜೆಯಂಥ ಸಮಾರಂಭ ನಡೆಯಿತು.

ಕಪ್ಪು ಕಲ್ಲು ಬೇಕು ಸರಿ, ಎಲ್ಲಿಂದ ತರುವುದು? ಕನ್ನಡಿಯಂತೆ ಹೊಳಪು ಬರಬೇಕು, ಎರಡು ಗೋಡೆಗಳ 144 ಹಲಗೆಗಳಿಗೂ ಒಂದೇ ಬಣ್ಣ ಸಿಗಬೇಕು, ನಡುವೆ ಒಂದು ಬಿಳಿ ಗೆರೆಯೂ ಇರಬಾರದು. ಅಂಥ ಕಲ್ಲು ಸಿಗುವ ದೇಶಗಳು ಕಡಿಮೆ. ದಕ್ಷಿಣ ಆಫ್ರಿಕಾದ್ದು ವರ್ಣಭೇದ ನೀತಿಯಿಂದಾಗಿ ಬೇಡವಾಯಿತು. ಸ್ವೀಡನ್ ಮತ್ತು ಕೆನಡಾಗಳಿಗೆ ಕಡ್ಡಾಯ ಸೇನಾಭರ್ತಿ ತಪ್ಪಿಸಿಕೊಂಡ ತರುಣರು ಓಡಿಹೋಗಿದ್ದರು. ಅಲ್ಲಿನ ಕಲ್ಲನ್ನು ಮಾಜಿ ಸೈನಿಕರು ಮುಟ್ಟಲೂ ಒಪ್ಪಲಿಲ್ಲ. ಹೀಗೆ ಒಂದೊಂದೇ ದೇಶ ಬಿಟ್ಟುಹೋಗಿ ಕೊನೆಗೆ ಆಯ್ಕೆಯಾದದ್ದು ಬೆಂಗಳೂರಿನ ಕರಿಕಲ್ಲು. ನಮ್ಮ ನೆಲದಿಂದ ಎದ್ದ ಬಂಡೆಗಳು ಹಡಗೇರಿ ಹೋಗಿ ವರ್ಮಾಂಟ್ ರಾಜ್ಯದ ಬ್ಯಾರಿ ಎಂಬ ಕಲ್ಲುಕುಟಿಗರ ಊರಿನಲ್ಲಿ ಹಲಗೆಗಳಾದವು, ಟೆನೆಸ್ಸಿಯ ಮೆಂಫಿಸ್‌ನಲ್ಲಿ ಹೆಸರುಗಳನ್ನು ಪಡೆದವು. ಉಳಿಯಿಂದ ಕೆತ್ತುತ್ತ ಕುಳಿತರೆ ವರ್ಷಗಳೇ ಬೇಕಾಗುತ್ತಿತ್ತು. ಫೋಟೋ ತೆಗೆಯುವ ರಸಾಯನವನ್ನು ಕಲ್ಲಿಗೆ ಹಚ್ಚಿ, ಅಕ್ಷರಗಳ ಪಡಿಯಚ್ಚು ಮೂಡಿಸಿ, ಮರಳು ರಭಸದಿಂದ ಹಾಯಿಸಿ ಕೊರೆಯುವ ವಿಧಾನವನ್ನು ಇದಕ್ಕೆಂದೇ ಸಿದ್ಧಮಾಡಿಕೊಂಡರು. ಅಕ್ಷರದ ಎತ್ತರ ಅರ್ಧ ಅಂಗುಲಕ್ಕಿಂತ ತುಸು ಹೆಚ್ಚು. ಪುಸ್ತಕ ಓದುವಷ್ಟು ಹತ್ತಿರ ಹೋಗದೆ ಓದಲಾಗುವುದಿಲ್ಲ.

ಬೆಂಗಳೂರಿನ ಕಲ್ಲು ಎಂದಾಗ ಬೇಗೂರಿನ ವೀರಗಲ್ಲು ನೆನಪಾಗುವುದು ಸಹಜ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನಲ್ಲಿ ಆನೆಕುದುರೆಗಳ ಕಾಳಗವೂ ಇದೆ, ಗಂಗರ ಕಾಲದ ನಾಗತ್ತರನ ಹೆಸರೂ ಇದೆ. ನಮ್ಮ ಕಲ್ಲುಕುಟಿಗರು ಹೆಸರು ಬೇಕೋ ಆಕೃತಿ ಬೇಕೋ ಎಂದು ಆರಿಸಬೇಕಾಗಿ ಬರಲಿಲ್ಲ, ಏಕೆಂದರೆ ಒಂದೊಂದು ಊರಿನಲ್ಲಿ ಸತ್ತವರು ಒಬ್ಬಿಬ್ಬರು. ವಾಷಿಂಗ್ಟನ್ನಿನಲ್ಲಿ ಲೆಕ್ಕ ಬೇರೆ. ಉದ್ಘಾಟನೆಯ ದಿನ ಗೋಡೆಯಲ್ಲಿದ್ದ ಹೆಸರುಗಳು 57,939.

ಮೂರ್ತಿಯ ಕೆಲಸ ಫ್ರೆಡರಿಕ್ ಹಾರ್ಟ್‌ಗೆ ಹೋಯಿತು. ವಾಷಿಂಗ್ಟನ್ನಿನ ರಾಷ್ಟ್ರೀಯ ಕ್ಯಾಥೆಡ್ರಲ್‌ಗೆ ಶಿಲ್ಪ ಮಾಡಿ ಹೆಸರಾದವರು. ಮೂಲ ಸ್ಪರ್ಧೆಯಲ್ಲಿ ಅವರಿದ್ದ ತಂಡಕ್ಕೆ ಮೂರನೆಯ ಸ್ಥಾನ ಬಂದಿತ್ತು. ಗೆದ್ದ ಲಿನ್‌ಗೆ ಸಿಕ್ಕ ಬಹುಮಾನ 20,000 ಡಾಲರ್. ಮೂರನೆಯವರಾದ ಹಾರ್ಟ್‌ಗೆ ಮೂರ್ತಿಗಾಗಿ ಸಿಕ್ಕಿದ್ದು 3,30,000 ಡಾಲರ್. ಬೇರೆಯವರು ಬರೆದ ಭಾವಚಿತ್ರಕ್ಕೆ ಮೀಸೆ ಬರೆದಂತಾಯಿತು ಎಂದು ಲಿನ್ ಕಿಡಿ ಕಾರಿದಳು. ಲಿನ್‌ಗೆ ಯುದ್ಧದ ಅರಿವಿಲ್ಲ ಎಂಬುದು ಹಾರ್ಟ್ ಕಡೆಯವರ ಟೀಕೆ. ಹಾರ್ಟ್ ಕೂಡ ವಿಯೆಟ್ನಾಂಗೆ ಹೋದವರಲ್ಲ. ಆದರೆ ಅವರು ಸೈನಿಕರ ಉಡುಪು, ಸಲಕರಣೆಗಳನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದರು. ಹೆಗಲ ಮೇಲಿನ ಟವೆಲ್, ಮೈಗೆ ಸುತ್ತಿದ ಗುಂಡಿನ ಪಟ್ಟಿ, ಉಬ್ಬಿದ ನರ, ಎಲ್ಲವೂ ಹಾಗೆಯೇ ಬಂದಿವೆ. ಮೂವರು ತರುಣರು, ಆಳೆತ್ತರಕ್ಕಿಂತ ಒಂದಿಷ್ಟು ದೊಡ್ಡವರು. ಒಬ್ಬ ಬಿಳಿಯ, ಒಬ್ಬ ಕರಿಯ, ಒಬ್ಬ ಹಿಸ್ಪ್ಯಾನಿಕ್.

ಅದನ್ನು ಎಲ್ಲಿಡುವುದು ಎಂಬುದೇ ನಿಜವಾದ ಹೋರಾಟ. ವಿರೋಧಿಗಳಿಗೆ ಬೇಕಿದ್ದುದು ಎರಡು ಗೋಡೆ ಕೂಡುವ ಮೂಲೆಯ ಎದುರು ಮೂರ್ತಿ, ಮೂಲೆಯ ನೆತ್ತಿಯ ಮೇಲೆ ಬಾವುಟ. ಹಾಗಾಗಿದ್ದರೆ ಗೋಡೆ ಮೂರ್ತಿಯ ಹಿಂದಿನ ಪರದೆಯಾಗುತ್ತಿತ್ತು. 1982ರ ಅಕ್ಟೋಬರ್ 13ರಂದು, ಕಾರ್ಹಾರ್ಟ್ ಭಾಷಣಕ್ಕೆ ಸರಿಯಾಗಿ ಒಂದು ವರ್ಷವಾದ ದಿನ, ಆಯೋಗ ಮತ್ತೆ ಸೇರಿತು. ಅಧ್ಯಕ್ಷ ಜೆ. ಕಾರ್ಟರ್ ಬ್ರೌನ್ ಮತ್ತು ಸದಸ್ಯರು ಮೂರ್ತಿಗೆ ಒಪ್ಪಿ, ಗೋಡೆಯಿಂದ ದೂರ, ಪ್ರವೇಶದ ದಾರಿಯ ಕಡೆ ಮರಗಳ ಬಳಿ ಇಡಬೇಕೆಂದರು. ಆ ದೂರ ಎರಡನ್ನೂ ಕಾಪಾಡಿತು. ಈಗ ಆ ಮೂವರು ಕಾಡಿನಿಂದ ಹೊರಬಂದು ದೂರದ ಗೋಡೆಯಲ್ಲಿ ತಮ್ಮವರ ಹೆಸರು ಹುಡುಕುತ್ತಿರುವಂತೆ ಕಾಣುತ್ತಾರೆ. ಹಾರ್ಟ್‌ರ ಶಿಲ್ಪಕ್ಕೆ ಗೋಡೆ ಅರ್ಥ ಕೊಟ್ಟಿತು ಎಂಬುದು ನನ್ನ ಅಭಿಪ್ರಾಯ. ಗೋಡೆಗೆ ಶಿಲ್ಪದ ಹಂಗು ಇರಲಿಲ್ಲ.

1982ರ ನವೆಂಬರ್ 10ರಂದು ಕ್ಯಾಥೆಡ್ರಲ್‌ನಲ್ಲಿ ಸತ್ತವರ ಹೆಸರು ಓದಲು ತೊಡಗಿದರು. ಒಂದಾದ ಮೇಲೊಂದು ಓದಿ ಮುಗಿಸಲು 56 ಗಂಟೆ ಬೇಕಾಯಿತು. ರೇಗನ್ ದಂಪತಿ ಬಂದು ಸ್ವಲ್ಪ ಹೊತ್ತು ಕುಳಿತು ಕೇಳಿದರು. 13ರಂದು ಗೋಡೆ ಉದ್ಘಾಟನೆಯಾಯಿತು. ಹಾರ್ಟ್‌ರ ಮೂವರು ಸೈನಿಕರು ಬಂದದ್ದು ಎರಡು ವರ್ಷದ ನಂತರ, 1984ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಮೂರ್ತಿ ಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಜನ ತಮ್ಮ ಕೈಯಿಂದಲೇ ಬಗೆಹರಿಸಿದ್ದರು. ಉದ್ಘಾಟನೆಗೂ ಮೊದಲೇ ಗೋಡೆಯ ಬುಡದಲ್ಲಿ ವಸ್ತುಗಳು ಕಾಣಿಸಿಕೊಳ್ಳತೊಡಗಿದ್ದವು. ಹಳೆಯ ಬೂಟುಗಳು, ಪದಕಗಳು, ಬಿಯರ್ ಡಬ್ಬಿ, ಟೆಡ್ಡಿ ಕರಡಿ, ಸತ್ತವನಿಗೆ ಬರೆದ ಪತ್ರ, ಅವನು ನೋಡದ ಮಗುವಿನ ಫೋಟೋ. ಯಾರೂ ಹೀಗೆ ಮಾಡಿ ಎಂದಿರಲಿಲ್ಲ. ಉದ್ಯಾನ ಇಲಾಖೆಯವರು ದಿನವೂ ಅವನ್ನು ಎತ್ತಿ, ಪಟ್ಟಿಮಾಡಿ, ಉಗ್ರಾಣದಲ್ಲಿ ಇಡತೊಡಗಿದರು. ಈವರೆಗೆ ಸೇರಿದ್ದು ನಾಲ್ಕು ಲಕ್ಷಕ್ಕೂ ಹೆಚ್ಚು. ಜನ ಹೆಸರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ಮನೆಗೆ ಒಯ್ಯುತ್ತಾರೆ.

ಈ ಇಡೀ ಪ್ರಕರಣವನ್ನು ಅಮೂರ್ತಕ್ಕೂ ಮೂರ್ತಕ್ಕೂ ನಡೆದ ಕಾದಾಟವೆಂದು ಕಲಾವಿಮರ್ಶಕರು ಬರೆದಿದ್ದಾರೆ. ನನಗೆ ಇದು ತಲೆಕೆಳಗಾಗಿ ಕಾಣುತ್ತದೆ. ಹಾರ್ಟ್‌ರ ಮೂವರು ಸೈನಿಕರು ಯಾರು? ಯಾರೂ ಅಲ್ಲ. ಅವರಿಗೆ ಮುಖವಿದೆ, ಹೆಸರಿಲ್ಲ. ಅವರು ಸೈನಿಕ ಎಂಬ ಕಲ್ಪನೆಯ ಮೂರು ಮಾದರಿಗಳು. ಗೋಡೆಯ ಮೇಲಿರುವ ಒಂದೊಂದು ಹೆಸರೂ ಇಂಥ ದಿನ ಇಂಥ ಕಡೆ ಸತ್ತ ಒಬ್ಬನೇ ಒಬ್ಬ ಮನುಷ್ಯನದು. ಹಾಗಾದರೆ ಯಾವುದು ಅಮೂರ್ತ? ಗೋಡೆಯ ಅಕ್ಷರಗಳ ಪಕ್ಕ ಪುಟ್ಟ ಗುರುತುಗಳಿವೆ. ಸಾವು ಖಚಿತವಾದವರಿಗೆ ವಜ್ರಾಕೃತಿ, ಕಾಣೆಯಾದವರಿಗೆ ಶಿಲುಬೆಯಂಥ ಗುರುತು. ಎಲ್ಲೋ ಕಾಡಿನಲ್ಲಿ ಮೂಳೆ ಸಿಕ್ಕು ಯಾರದೆಂದು ತಿಳಿದರೆ ಆ ಶಿಲುಬೆಯ ಮೇಲೆ ವಜ್ರವನ್ನು ಕೊರೆಯುತ್ತಾರೆ. ಇಷ್ಟು ಕಟ್ಟುನಿಟ್ಟಾಗಿ ನಿಜಸಂಗತಿಗೆ ಅಂಟಿಕೊಂಡ ಕಂಚಿನ ಪ್ರತಿಮೆ ಜಗತ್ತಿನಲ್ಲಿ ಎಲ್ಲೂ ಇರಲಾರದು.

ಮುಖ ಕೊಟ್ಟೊಡನೆ ಇನ್ನೊಂದು ಪ್ರಶ್ನೆ ಬರುತ್ತದೆ: ನಮ್ಮ ಮುಖ ಎಲ್ಲಿ? ವಿಯೆಟ್ನಾಂನಲ್ಲಿ ನರ್ಸ್ ಆಗಿದ್ದ ಡಯಾನ್ ಕಾರ್ಲ್‌ಸನ್ ಇವಾನ್ಸ್ ಕೇಳಿದ್ದು ಇದನ್ನೇ. ಅಲ್ಲಿ ಸೇವೆ ಸಲ್ಲಿಸಿದ ಹೆಂಗಸರು ಸುಮಾರು 11,000, ಬಹುಪಾಲು ನರ್ಸುಗಳು. ಸತ್ತ ಎಂಟು ಮಂದಿಯ ಹೆಸರು ಗೋಡೆಯ ಮೇಲೆ ಗಂಡಸರ ಸಾಲಿನಲ್ಲೇ ಇತ್ತು. ಆದರೆ ಮೂವರು ಗಂಡಸರ ಕಂಚಿನ ಮೂರ್ತಿ ಬಂದಮೇಲೆ ಹೆಂಗಸರ ಗೈರುಹಾಜರಿ ಎದ್ದು ಕಂಡಿತು. 1987ರಲ್ಲಿ ಅವರು ಒಂದು ನರ್ಸ್ ಪ್ರತಿಮೆಯ ನಕ್ಷೆ ಹಿಡಿದು ಹೋದಾಗ ಆಯೋಗ ತಿರಸ್ಕರಿಸಿತು. ಹೀಗೇ ಬಿಟ್ಟರೆ ಸೇನೆಯ ನಾಯಿಗಳಿಗೂ ಪ್ರತಿಮೆ ಕೇಳುತ್ತಾರೆ ಎಂಬರ್ಥದ ಮಾತನ್ನು ಕಾರ್ಟರ್ ಬ್ರೌನ್ ಆಡಿದ್ದು ಮಾಜಿ ನರ್ಸುಗಳಿಗೆ ಮರೆಯಲಾಗದ ಅವಮಾನವಾಯಿತು. ಮಾತು ಒರಟು, ಮುಂದಾಲೋಚನೆ ಮಾತ್ರ ಸರಿಯಿತ್ತು. ಮೂರ್ತಿಗಳ ಪಟ್ಟಿಗೆ ಕೊನೆಯಿಲ್ಲ. ಇವಾನ್ಸ್ ಬಿಡಲಿಲ್ಲ. ಗ್ಲೆನಾ ಗುಡೇಕರ್ ಮಾಡಿದ, ಗಾಯಾಳುವನ್ನು ತೊಡೆಯ ಮೇಲೆ ಹಿಡಿದ ನರ್ಸ್ ಮತ್ತು ಇನ್ನಿಬ್ಬರು ಹೆಂಗಸರ ಕಂಚಿನ ಗುಂಪು 1993ರ ನವೆಂಬರ್ 11ರಂದು ಅಲ್ಲೇ ಸಮೀಪ ನಿಂತಿತು.

ಗೋಡೆಯೂ ಎಲ್ಲರನ್ನೂ ಒಳಗೊಂಡಿಲ್ಲ ಎಂಬುದನ್ನು ಹೇಳದೆ ಬಿಟ್ಟರೆ ಅನ್ಯಾಯವಾದೀತು. ಅದೇ ಯುದ್ಧದಲ್ಲಿ ಸತ್ತ ಲಕ್ಷಾಂತರ ವಿಯೆಟ್ನಾಮಿಗಳ ಒಂದು ಹೆಸರೂ ಅಲ್ಲಿಲ್ಲ. 1991ರಲ್ಲಿ ಕಲಾವಿದ ಕ್ರಿಸ್ ಬರ್ಡನ್ ತಾಮ್ರದ ದೊಡ್ಡ ಹಲಗೆಗಳ ಮೇಲೆ ಮೂವತ್ತು ಲಕ್ಷ ವಿಯೆಟ್ನಾಮೀ ಹೆಸರುಗಳನ್ನು ಬರೆಸಿದರು. ಸತ್ತವರ ಪಟ್ಟಿ ಎಲ್ಲೂ ಇರಲಿಲ್ಲವಾದ್ದರಿಂದ ಟೆಲಿಫೋನ್ ಡೈರೆಕ್ಟರಿಗಳಿಂದ ಹೆಸರು ಎತ್ತಿ, ಬೆರೆಸಿ ಹೆಣೆದು ತುಂಬಬೇಕಾಯಿತು. ಹೆಸರು ಕೂಡ ಬರೀ ಸಂಖ್ಯೆಯಾಗಿಬಿಡಬಹುದು ಎಂಬುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ನನಗೆ ಗೊತ್ತಿಲ್ಲ.

ಕಾರ್ಹಾರ್ಟ್ ಕಡೆಯವರ ಬೇಡಿಕೆ ಪೂರ್ಣವಾಗಿ ಈಡೇರಿದ್ದು ಲಿಂಕನ್ ಸ್ಮಾರಕದ ಇನ್ನೊಂದು ಮಗ್ಗುಲಿನಲ್ಲಿ. 1995ರ ಜುಲೈ 27ರಂದು ಉದ್ಘಾಟನೆಯಾದ ಕೊರಿಯಾ ಯುದ್ಧದ ಸ್ಮಾರಕದಲ್ಲಿ ಸ್ಟೇನ್‌ಲೆಸ್ ಸ್ಟೀಲ್‌ನ 19 ಸೈನಿಕರು ಮಳೆಯಂಗಿ ಹೊದ್ದು ಗದ್ದೆಯಂಥ ಜಾಗದಲ್ಲಿ ನಡೆಯುತ್ತಿದ್ದಾರೆ. ಮಾಡಿದವರು ಫ್ರ್ಯಾಂಕ್ ಗೇಲಾರ್ಡ್. ನಮ್ಮ ಕಲ್ಲುಗಳು ಹಲಗೆಯಾದ ಅದೇ ಬ್ಯಾರಿ ಊರಿನವರು. ಪಕ್ಕದ ಗೋಡೆಯ ಮೇಲೂ ಮುಖಗಳೇ. ಹೆಸರುಗಳಿಲ್ಲ. ಸತ್ತವರ ಮನೆಯವರಿಗೆ ಅದು ಸಾಲಲಿಲ್ಲ. ಅಪ್ಪನ ಹೆಸರು ಎಲ್ಲಿ, ಅಣ್ಣನ ಹೆಸರು ಎಲ್ಲಿ ಎಂದು ವರ್ಷಗಟ್ಟಲೆ ಕೇಳಿದರು. 2022ರಲ್ಲಿ ಅಲ್ಲಿಗೆ ಹೆಸರಿನ ಗೋಡೆಯೊಂದನ್ನು ಸೇರಿಸಬೇಕಾಯಿತು: 36,634 ಅಮೆರಿಕನ್ನರು, ಅವರ ಸೇನೆಯ ಜೊತೆ ಹೋರಾಡಿದ 7,174 ಕೊರಿಯನ್ನರು. ಮರುವರ್ಷವೇ ಪತ್ರಿಕೆಗಳು ಇನ್ನೊಂದು ಸುದ್ದಿ ಬರೆದವು. ಸಾವಿರಕ್ಕೂ ಹೆಚ್ಚು ಹೆಸರುಗಳ ಕಾಗುಣಿತ ತಪ್ಪಾಗಿದೆ, ನೂರಾರು ಹೆಸರುಗಳು ಬಿಟ್ಟುಹೋಗಿವೆ ಎಂದು ದಾಖಲೆಗಳನ್ನು ಜಾಲಾಡಿದ ಸಂಶೋಧಕರು ತೋರಿಸಿಕೊಟ್ಟಿದ್ದರು. ಹತ್ತೊಂಬತ್ತು ಉಕ್ಕಿನ ಸೈನಿಕರಲ್ಲಿ ಯಾರ ಮೂಗು ಯಾರನ್ನು ಹೋಲುವುದಿಲ್ಲ ಎಂದು ಇಪ್ಪತ್ತೇಳು ವರ್ಷ ಯಾರೂ ದೂರು ಕೊಟ್ಟಿರಲಿಲ್ಲ.